ಒಂದೇ ಮುಚ್ಚಳ

"ನಾನು ಹಾಕಿದ್ದು ಒಂದೇ ಮುಚ್ಚಳ, ಮೇಡಂ. ಮಕ್ಕಳಾಣೆ."

ಇಷ್ಟು ಹೇಳಿ, ಎಲ್ಲರೂ ಗರಗಸ ಅಂತ ಕರೆಯುವ ಆ ಬಡಗಿ ಕೆಲಸದ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

ಸೂಜಿ ಮೇಡಂ ಬೆಂಚಿನ ಮೇಲೆ ಸುರುಳಿ ಸುರುಳಿಯಾಗಿ ಬಿದ್ದಿದ್ದ ಮರದ ಸಿಪ್ಪೆಯನ್ನು ಕೈಯಿಂದ ಸರಿಸಿ, ಜಾಗ ಮಾಡಿಕೊಂಡು ಕೂತರು.

ಮೊನ್ನೆ ಸಂಜೆ ಇದೇ ಮರಗೆಲಸದ ಕಾರ್ಖಾನೆಯಲ್ಲಿ, ಗ್ರಂಥಾಲಯದ ಕುರ್ಚಿಗಳನ್ನೆಲ್ಲ ಲಾರಿಗೆ ತುಂಬಿ ಕಳಿಸಿದ ಖುಷಿಗೆ ಎಲ್ಲರೂ ಶರಬತ್ತು ಕುಡಿಯುತ್ತಿದ್ದಾಗ, ಪಾಲಿಶ್ ಮೇಸ್ತ್ರಿ ಒಂದು ಲೋಟ ಖಾಲಿ ಮಾಡಿ, ಮುಖ ಇಟ್ಟಿಗೆಯ ಹಾಗೆ ಕೆಂಪಗಾಗಿ, ಎದೆ ಹಿಡಿದುಕೊಂಡು ನೆಲಕ್ಕೆ ಬಿದ್ದಿದ್ದ. ಜೀವ ಉಳಿದಿದ್ದೇ ದೊಡ್ಡದು.

ಮೇಸ್ತ್ರಿ ಒಂದು ಕಾಲದಲ್ಲಿ ಹೆಸರುವಾಸಿ ಕುಡುಕ. ಬಿಟ್ಟು ವರ್ಷದ ಮೇಲಾಗಿತ್ತು. ಬಿದ್ದ ಸುದ್ದಿ ಕೇಳಿದ ಇನ್‌ಸ್ಪೆಕ್ಟರ್ ಒಂದೇ ಮಾತಿನಲ್ಲಿ ಮುಗಿಸಿದ್ದರು: "ಕುಡುಕ ಕುಡಿದ, ಬಿದ್ದ. ಇದರಲ್ಲಿ ಪತ್ತೆ ಮಾಡೋಕೆ ಏನಿದೆ?"

ಮೇಸ್ತ್ರಿಯ ಹೆಂಡತಿ ಮಾತ್ರ ಸೀದಾ ಸೂಜಿ ಮೇಡಂ ಮನೆಗೆ ಬಂದಿದ್ದಳು. "ಮೇಡಂ, ನನ್ನ ಗಂಡ ಸುಳ್ಳು ಹೇಳೋವಾಗ ಮುಖ ಹೇಗಿರುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಈ ಸಲ ಆ ಮುಖ ಇಲ್ಲ," ಅಂದಿದ್ದಳು. ಆ ಒಂದು ಮಾತಿಗೆ ಮೇಡಂ ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದರು.

ಪತ್ತೇದಾರಿಕೆಗೆ ಇಳಿಯುವ ಮುಂಚೆ ಮೇಡಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಸೂಜಿ ಅನ್ನುವ ಹೆಸರು ಅಲ್ಲಿಂದಲೇ ಅಂಟಿಕೊಂಡಿದ್ದು. ಈಗ ಕೈಯಲ್ಲಿ ಸೂಜಿ ಇಲ್ಲ, ನಾಲಿಗೆಯಲ್ಲಿದೆ ಅಂತ ಪೊಲೀಸರು ನಗುತ್ತಿದ್ದರು.

"ಒಂದು ಮುಚ್ಚಳ," ಮೇಡಂ ನಿಧಾನವಾಗಿ ಅಂದರು. "ಯಾವುದರದ್ದು?"

"ವೋಡ್ಕಾ. ಚಿಕ್ಕ ಬಾಟ್ಲಿ. ಅದಕ್ಕೆ ಬಣ್ಣ ಇಲ್ವಲ್ಲ, ಗೊತ್ತಾಗಲ್ಲ ಅಂತ. ನಿಮಗೆ ಹೇಗೆ ಗೊತ್ತಾಯ್ತು?"

"ನೀನು ನಗ್ತಾ ಇಲ್ಲ."

ಗರಗಸ ಅನ್ನುವುದು ಅವನ ಹೆಸರಲ್ಲ, ಅವನ ನಗು. ನಕ್ಕರೆ ಒಣ ಹಲಗೆ ಕೊಯ್ದ ಹಾಗೆ ಕಾರ್ಖಾನೆಯ ಆ ತುದಿಗೂ ಕೇಳಿಸುತ್ತಿತ್ತು. ಮೇಸ್ತ್ರಿ ಬಿದ್ದ ಮೇಲೆ ಎಲ್ಲರೂ ಸಪ್ಪಗಿದ್ದರು ನಿಜ. ಆದರೆ ಆಸ್ಪತ್ರೆಯಿಂದ ಸುದ್ದಿ ಬಂದಾಗ ಉಳಿದವರು ಕೆಲಸ ಬಿಟ್ಟು ಕಿವಿಗೊಡುತ್ತಿದ್ದರು, ಇವನೊಬ್ಬ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಮೇಡಂ ಅದನ್ನು ನಿನ್ನೆಯೇ ಕಂಡಿದ್ದರು.

"ಮೇಸ್ತ್ರಿ ಮೇಲೆ ಏನಾದ್ರೂ ಹಳೇ ಸಿಟ್ಟು?"

"ಅಯ್ಯೋ, ಸಿಟ್ಟೇ?" ಗರಗಸನ ಕಣ್ಣು ತುಂಬಿಕೊಂಡಿತು. "ಹದಿನೆಂಟರ ವಯಸ್ಸಿಂದ ಒಟ್ಟಿಗೆ ಇದೀವಿ ಮೇಡಂ. ಅವನ ಮದುವೇಲಿ ಕುಣಿದೋನು ನಾನು. ಕುಡಿತ ಬಿಟ್ಟ ಮೇಲೆ ನಮ್ಮ ಜೊತೆ ಕೂರೋದೇ ಬಿಟ್ಟ. ಸಂಜೆ ಆಯ್ತು ಅಂದ್ರೆ ಮನೆ. ನಂಗೆ ಒಂಥರಾ ಬೇಜಾರು. ಗೊತ್ತಿಲ್ದೇ ಒಂಚೂರು ಒಳಗೆ ಹೋದ್ರೆ ಹಳೇ ಗೆಳೆಯ ಸ್ವಲ್ಪ ಹೊತ್ತು ವಾಪಸ್ ಬರ್ತಾನೇನೋ ಅಂತ. ಅಷ್ಟೇ. ತಮಾಷೆ."

"ಮುಖ ಕೆಂಪಾದಾಗ ನೀನೇ ಮೊದಲು ನಕ್ಕಿದ್ದಂತೆ."

"ಹೌದು." ಅವನ ಧ್ವನಿ ಪಾತಾಳಕ್ಕಿಳಿಯಿತು. "ಏರಿಬಿಡ್ತು ನೋಡ್ರೋ ಅಂತ ನಕ್ಕೆ. ಆಮೇಲೆ ಅವನು ಎದೆ ಹಿಡ್ಕೊಂಡ. ನನ್ನ ನಗು ಗಂಟಲಲ್ಲೇ ನಿಂತ್ಹೋಯ್ತು."

ಆಮೇಲಿನದು ಮೇಡಂಗೆ ಗೊತ್ತಿತ್ತು. ವಾಂತಿ ಶುರುವಾದ ತಕ್ಷಣ ಮೇಸ್ತ್ರಿಯನ್ನು ಮಗ್ಗುಲಿಗೆ ಹೊರಳಿಸಿ, ಬಾಯಿ ಚೊಕ್ಕ ಮಾಡಿ, ಉಸಿರುಗಟ್ಟದ ಹಾಗೆ ತಲೆ ಹಿಡಿದುಕೊಂಡವನು ಇದೇ ಗರಗಸ. ಕಾರ್ಖಾನೆಯ ಯಜಮಾನಿಯ ಗಂಡನ ಕಾರು ಬಾಗಿಲಿಗೆ ಬರುವವರೆಗೂ ಕೈ ಸಡಿಲಿಸಿರಲಿಲ್ಲ. ಹಾಗೆ ಹಿಡಿದಿರದಿದ್ದರೆ ದಾರಿಯಲ್ಲೇ ಹೋಗಿಬಿಡುತ್ತಿದ್ದರು ಅಂತ ಡಾಕ್ಟರೇ ಹೇಳಿದ್ದರು.

ಕೊಲ್ಲಲು ಹೊರಟ ಕೈಯೂ ಉಳಿಸಿದ ಕೈಯೂ ಒಂದೇ ಅಂದರೆ ನಂಬುವುದು ಹೇಗೆ?

"ಹೇಗೆ ಹಾಕಿದೆ, ತೋರಿಸು."

ಗರಗಸ ಕಿಟಕಿಯ ಹತ್ತಿರ ಹೋದ. ಆಫೀಸು ರೂಮಿನ ಬಾಗಿಲಿಗೆ ಅಂಟಿಕೊಂಡಂತೆ ಒಂದು ಅಗಲವಾದ ಕಿಟಕಿ, ಅದರ ಕಟ್ಟೆಯ ಮೇಲೆ ಗೋಂದಿನ ಡಬ್ಬಿ, ಮರಳು ಕಾಗದದ ತುಂಡು.

"ಎಲ್ಲರ ಶರಬತ್ತೂ ಆ ದೊಡ್ಡ ಪಾತ್ರೇಲಿತ್ತು. ಕಾಗದದ ಲೋಟದಲ್ಲಿ ಬಗ್ಗಿಸ್ಕೊಂಡು ಕುಡೀತಿದ್ವಿ. ಅಕ್ಕ ಮೊದಲೇ ಎರಡು ಸ್ಟೀಲ್ ಲೋಟಕ್ಕೆ ಹುಯ್ದು, ತಟ್ಟೆ ಮುಚ್ಚಿ, ಇಲ್ಲಿಟ್ಟಿದ್ರು. ಒಂದು ಅವರದ್ದು, ಹೂವಿನ ಚಿತ್ರ ಇರೋದು. ಇನ್ನೊಂದು ಮೇಸ್ತ್ರಿದು, ಸೊಟ್ಟ ಲೋಟ."

ಅಕ್ಕ ಅಂದರೆ ಕಾರ್ಖಾನೆಯ ಯಜಮಾನಿ. ಮಾಲೀಕರಾದರೂ ಕೆಲಸದವರೆಲ್ಲ ಅಕ್ಕ ಅಂತಲೇ ಕರೆಯುತ್ತಿದ್ದರು. ಆ ಲೆಕ್ಕಕ್ಕೆ ಅವರ ಗಂಡ ಎಲ್ಲರಿಗೂ ಭಾವ.

"ಬೇರೆ ಯಾಕೆ ಇಟ್ಟಿದ್ರು?"

"ಪಾತ್ರೆಗೆ ನಾವು ಏನಾದ್ರೂ ಬೆರೆಸ್ತೀವಿ ಅಂತ ಅನುಮಾನ. ಹಿಂದೊಂದ್ಸಲ ಬೆರೆಸಿದ್ವಿ." ಗರಗಸ ತಲೆ ತಗ್ಗಿಸಿದ. "ಭಾವ ಆಫೀಸು ರೂಮಿಂದ ಬಂದು, ನಿಮ್ಮೆಲ್ಲರ ಕೈಗೆ ನಮಸ್ಕಾರ ಅಂತ ಎರಡು ಮಾತಾಡಿದ್ರು. ಎಲ್ಲರೂ ಆ ಕಡೆ ತಿರುಗಿದ್ರು. ಆಗ ತಟ್ಟೆ ಎತ್ತಿ, ಒಂದು ಮುಚ್ಚಳ ಹಾಕಿ, ಮುಚ್ಚಿಟ್ಟೆ."

"ಸೊಟ್ಟ ಲೋಟಕ್ಕೆ ಮಾತ್ರ?"

"ಅಕ್ಕನ ಲೋಟ ಯಾಕೆ ಮುಟ್ಲಿ ಮೇಡಂ? ಅವರು ಹಾಗೆಲ್ಲ ಕುಡಿಯೋರಲ್ಲ."

"ತಟ್ಟೆ ಎತ್ತಿದಾಗ ವಾಸನೆ?"

"ಬರೀ ಶುಂಠಿ. ಅಕ್ಕ ಶುಂಠಿ ಹಾಕೋಕೆ ನಿಂತ್ರೆ ಕಣ್ಣಲ್ಲಿ ನೀರು ಬರಬೇಕು."

ಮೇಡಂ ಅವನನ್ನು ಕೂರಿಸಿದರು.

"ಮೇಸ್ತ್ರಿ ದಿನಾ ಬೆಳಿಗ್ಗೆ ಒಂದು ಮಾತ್ರೆ ತಗೋತಾರೆ. ಗೊತ್ತಾ?"

"ಬಿ.ಪಿ.ಗಾ?"

"ಕುಡಿತ ಬಿಡೋಕೆ. ಅದು ಆಸೆ ಕಳೆಯೋ ಮಾತ್ರೆ ಅಲ್ಲ, ಕಾವಲು ನಿಲ್ಲೋ ಮಾತ್ರೆ. ನಾವು ಕುಡಿದದ್ದು ಮೈಯೊಳಗೆ ಮೊದಲು ಒಂದು ವಿಷ ಆಗುತ್ತೆ, ಆಮೇಲೆ ಆ ವಿಷ ಕರಗಿ ಹೊರಗೆ ಹೋಗುತ್ತೆ. ಈ ಮಾತ್ರೆ ಹೊರಗೆ ಹೋಗೋ ಬಾಗಿಲು ಹಾಕಿಬಿಡುತ್ತೆ. ಕುಡಿದ್ರೆ ವಿಷ ಅಷ್ಟೂ ಒಳಗೇ. ಮುಖ ಕೆಂಪಾಗುತ್ತೆ, ತಲೆ ಸಿಡಿಯುತ್ತೆ, ವಾಂತಿ, ಎದೆ ಬಡಿತ. ಜಾಸ್ತಿ ಆದ್ರೆ ರಕ್ತದ ಒತ್ತಡ ಪಾತಾಳಕ್ಕೆ ಹೋಗಿ ಪ್ರಾಣವೇ ಹೋಗಬಹುದು. ಒಪ್ಪಿಕೊಂಡು, ಎಲ್ಲ ತಿಳ್ಕೊಂಡು ತಗೋಬೇಕಾದ ಮಾತ್ರೆ ಅದು. ಅವರು ಒಪ್ಪಿಕೊಂಡೇ ತಗೋತಿದ್ರು. ಕೆಮ್ಮಿನ ಸಿರಪ್ಪಲ್ಲೂ ಹೆಂಡದ ಅಂಶ ಇರಬಹುದು ಅಂತ ಡಾಕ್ಟರಿಗೆ ತೋರಿಸಿ ಕುಡೀತಿದ್ರು. ಸ್ಪಿರಿಟ್ಟಿನ ಹಬೆ ಬೇಡ ಅಂತ ಅರಗಿನ ಪಾಲಿಶ್ ಬಿಟ್ಟು ಮೇಣದ ಕೆಲಸ ಹಿಡಿದ್ರು."

ಮೇಸ್ತ್ರಿ ಅರಗಿನ ಪಾಲಿಶ್ ಬಿಟ್ಟಿದ್ದಕ್ಕೆ, ಮುದುಕನಾದ ಅಂತ ವರ್ಷವಿಡೀ ಛೇಡಿಸಿದವನು ಗರಗಸನೇ.

"ನಂಗೆ ಹೇಳ್ಬಾರ್ದಿತ್ತಾ ಅವನು?"

"ಹೇಳಿದ್ರೆ ನಗ್ತಿದ್ದೆ."



ಮೇಡಂ ಬೆಂಚಿನ ಅಂಚಿಗೆ ಸರಿದು ಕೇಳಿದರು. "ನೀನೇನು ಮಾತ್ರೆ ತಗೋತೀಯ?"

"ಸಕ್ಕರೆ ಕಾಯಿಲೆಗೆ ಒಂದು. ಬೆನ್ನು ನೋವು ಬಂದ್ರೆ ನೋವಿನ ಮಾತ್ರೆ. ಇತ್ತೀಚೆಗೆ ನಿದ್ದೆ ಬರಲ್ಲ ಅಂತ ಇನ್ನೊಂದು."

"ಕುಡಿದ ದಿನ?"

"ಕುಡಿದ ದಿನಾನೂ. ಡಾಕ್ಟರ್ ಬರೆದುಕೊಟ್ಟಿದ್ದನ್ನ ತಪ್ಪಿಸಬಾರ್ದಲ್ಲ."

ಮೇಡಂ ಕಣ್ಣು ಮುಚ್ಚಿ ತೆರೆದರು. ನರ್ಸ್ ಆಗಿದ್ದಾಗ ಇಂಥ ಅಮಾಯಕರನ್ನು ಎಷ್ಟು ಜನರನ್ನು ಕಂಡಿದ್ದರೋ. ಹೆಂಡದ ಮೇಲೆ ನಿದ್ದೆ ಮಾತ್ರೆ ನುಂಗಿ ಹಾಯಾಗಿ ಮಲಗಿ, ಉಸಿರಾಡುವುದನ್ನೇ ಮರೆತವರು. ಊಟ ಬಿಟ್ಟು ಕುಡಿದು, ಸಕ್ಕರೆ ಇಳಿದು, ಅಮಲು ಅಂತ ಎಲ್ಲರೂ ಸುಮ್ಮನಿದ್ದಾಗ ತಣ್ಣಗಾದವರು. ನೋವಿನ ಮಾತ್ರೆಯ ಜೊತೆ ಸೇರಿ ಹೊಟ್ಟೆಯಲ್ಲಿ ರಕ್ತ ಒಸರಿದವರು.

"ಯಾವ ಡಾಕ್ಟರಿಗಾದ್ರೂ ಕುಡೀತೀನಿ ಅಂತ ಹೇಳಿದ್ದೀಯಾ?"

"ಅವರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

"ಹಾಗಾದ್ರೆ ಏಳು. ಆಸ್ಪತ್ರೆಗೆ ಬಾ ನನ್ನ ಜೊತೆ. ನೀನು ಇಬ್ಬರಿಗೆ ಹೇಳ್ಬೇಕು. ಒಬ್ಬರು ಡಾಕ್ಟರು."

ಇನ್ನೊಬ್ಬರು ಯಾರು ಅಂತ ಗರಗಸ ಕೇಳಲಿಲ್ಲ. ಕೊರಳಿಗೆ ಸುತ್ತಿದ್ದ ವಲ್ಲಿಯಿಂದ ಮುಖ ಒರೆಸಿಕೊಂಡು, ತಲೆ ಬಗ್ಗಿಸಿ ಹಿಂದೆ ಬಂದ.

ವಾರ್ಡಿನಲ್ಲಿ ಮೇಸ್ತ್ರಿ ದಿಂಬಿಗೆ ಒರಗಿ ಕೂತಿದ್ದ. ಕೈಗೆ ಸಲೈನು. ಎಷ್ಟು ತೊಳೆದರೂ ಹೋಗದ ಮೇಣದ ಪಾಲಿಶಿನ ಕಂದು ಬಣ್ಣ ಉಗುರುಗಳ ಸಂದಿಯಲ್ಲಿ ಹಾಗೇ ಇತ್ತು. ಕಿಟಕಿಯಿಂದ ಬಿಸಿಲು ಅವನ ಕಾಲಿನ ಮೇಲೆ ಬಿದ್ದಿತ್ತು. ಅದನ್ನು ಯಾರೋ ಹೊದಿಸಿದ ಶಾಲು ಅನ್ನುವ ಹಾಗೆ ಕಾಲು ಅಲುಗಿಸದೆ ನೋಡುತ್ತಿದ್ದ.

"ಬನ್ನಿ ಮೇಡಂ," ಹೆಂಡತಿ ಸ್ಟೂಲು ಎಳೆದಳು. "ಇವರಿಗೆ ಸ್ವಲ್ಪ ಬುದ್ಧಿ ಹೇಳಿ. ಬೆಳಿಗ್ಗೆಯಿಂದ ಕಂಡಕಂಡೋರಿಗೆಲ್ಲ ಕೈಮುಗೀತಿದಾರೆ. ನೆಲ ಒರೆಸೋಳು ನಾಚಿಕೊಂಡು ಓಡಿಹೋದ್ಲು."

"ಮುಗೀಬೇಕಲ್ವೇನೇ?" ಮೇಸ್ತ್ರಿ ನಕ್ಕ. "ನಾನು ಬಿದ್ದಾಗ ಇನ್ನು ಮುಗೀತು ಅಂದ್ಕೊಂಡಿದ್ದೆ. ಕಣ್ಣು ಬಿಟ್ರೆ ನಿನ್ನ ಮುಖ. ಅದೂ ಬೈಯೋ ಮುಖ. ಅಷ್ಟು ಚೆಂದದ್ದನ್ನ ನಾನು ನೋಡೇ ಇರಲಿಲ್ಲ."

ಹೆಂಡತಿ ಮುಖ ತಿರುಗಿಸಿ ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡತೊಡಗಿದಳು. ಅದು ಆಗಲೇ ಬಿಗಿಯಾಗಿತ್ತು.

ಆಮೇಲೆ ಮೇಸ್ತ್ರಿಗೆ ಬಾಗಿಲಲ್ಲಿ ನಿಂತಿದ್ದ ಗೆಳೆಯ ಕಂಡ. "ಬಾರೋ. ನೀನು ನನ್ನ ತಲೆ ಹಿಡ್ಕೊಂಡಿದ್ದು ನೆನಪಿದೆ. ನಿನ್ನ ಋಣ ಹೇಗೆ ತೀರಿಸ್ಲೋ?"

ಗರಗಸನಿಗೆ ಅದನ್ನು ತಡೆಯಲಾಗಲಿಲ್ಲ. ಮಂಚದ ಕಾಲಿನ ಹತ್ತಿರ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಬಾಟ್ಲಿ, ತಟ್ಟೆ, ಮುಚ್ಚಳ, ನಗು. ಯಾವುದನ್ನೂ ಬಿಡಲಿಲ್ಲ, ಸುತ್ತಿ ಬಳಸಲಿಲ್ಲ. ಹೇಳಿ ಮುಗಿಸಿ, ಹೊಡೆದರೆ ಹೊಡೆಸಿಕೊಳ್ಳುವವನ ಹಾಗೆ ತಲೆ ತಗ್ಗಿಸಿದ.

ಮೇಸ್ತ್ರಿ ಸಲೈನಿನ ಹನಿಯನ್ನೇ ನೋಡುತ್ತಿದ್ದ. ಮೇಡಂ ಬೈಗುಳಕ್ಕೆ ಕಾಯುತ್ತಿದ್ದರು. ಬಂದದ್ದು ಬೇರೆಯೇ.

"ಕೇಳಿಸ್ಕೊಂಡ್ಯಾ?" ಅವನು ಹೆಂಡತಿಯನ್ನು ಕರೆದ. "ನಾನು ಕುಡಿದಿರಲಿಲ್ಲ."

"ನಂಗೆ ಮೊದಲೇ ಗೊತ್ತಿತ್ತು."

"ನಂಗೇ ಗೊತ್ತಿರಲಿಲ್ಲ ಕಣೇ. ಎಲ್ಲರೂ ಕುಡಿದೆ ಕುಡಿದೆ ಅಂತಿದ್ರೆ, ಎಲ್ಲಾದ್ರೂ ಕುಡಿದು ಮರೆತಿದ್ದೀನೇನೋ ಅಂತ ಅನ್ನಿಸೋಕೆ ಶುರುವಾಗಿತ್ತು. ಹಳೇ ಕಾಲದಲ್ಲಿ ಹಾಗಾಗಿದೆಯಲ್ಲ. ರಾತ್ರಿಯೆಲ್ಲ ಅದೇ. ಈಗ ಎದೆ ಮೇಲಿನ ಬಂಡೆ ಇಳೀತು." ಗೆಳೆಯನ ತಲೆಯ ಮೇಲೆ ಕೈಯಿಟ್ಟ. "ನೀನು ಮಾಡಿದ್ದು ದೊಡ್ಡ ತಪ್ಪು. ಆಮೇಲೆ ಬೈತೀನಿ, ಬಿಡಲ್ಲ. ಆದ್ರೆ ಬಂದು ಬಾಯಿಬಿಟ್ಟು ಹೇಳಿದ್ಯಲ್ಲ, ಅದಕ್ಕೆ ನಿನಗೂ ಒಂದು ಕೈಮುಗಿದೆ ಅಂದ್ಕೋ."

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಇಷ್ಟು ವರ್ಷದ ಈ ಕೆಲಸದಲ್ಲಿ, ಪತ್ತೆಯಾದ ಸತ್ಯಕ್ಕೆ ಯಾರಾದರೂ ಹೀಗೆ ಮುಖವರಳಿಸಿದ್ದನ್ನು ನೋಡಿದ್ದು ಕಡಿಮೆ. ಇಲ್ಲಿಗೆ ಮುಗಿದರೆ ಎಷ್ಟು ಚೆನ್ನ ಅಂತ ಒಂದು ಕ್ಷಣ ಅನ್ನಿಸಿತು.

ಆಗಲೇ ಡಾಕ್ಟರು ಬಾಗಿಲಲ್ಲಿ ನಿಂತು ಕಣ್ಸನ್ನೆ ಮಾಡಿದರು.

ಓಣಿಯಂಥ ವರಾಂಡದಲ್ಲಿ ಇಬ್ಬರೂ ಗೋಡೆಗೆ ಸರಿದು ನಿಂತರು. "ರಕ್ತಪರೀಕ್ಷೆ ಬಂತು ಮೇಡಂ. ಕರೆತಂದ ಕೂಡಲೇ ತೆಗೆದ ರಕ್ತ," ಡಾಕ್ಟರು ಧ್ವನಿ ತಗ್ಗಿಸಿದರು. "ಇನ್‌ಸ್ಪೆಕ್ಟರ್ ನನ್ನ ಹತ್ತಿರ ಊಹಿಸಿದ ಹಾಗೆ ಕಾರ್ಖಾನೆಯ ಪಾಲಿಶ್ ಸ್ಪಿರಿಟ್ ಕುಡಿದಿದ್ದಲ್ಲ. ಅದರಲ್ಲಿ ಬೇರೊಂದು ವಿಷ ಬೆರೆತಿರುತ್ತೆ, ಕಣ್ಣು ಕಳೆಯೋ ಅಂಥದ್ದು. ಅದರ ಸುಳಿವೇ ಇಲ್ಲ. ಇದು ಅಂಗಡೀಲಿ ಸಿಗೋ ಮಾಲು."

"ಗೊತ್ತಾಯ್ತು. ಒಬ್ಬ ಒಪ್ಪಿಕೊಂಡಿದಾನೆ. ತಮಾಷೆಗೆ ಒಂದು ಮುಚ್ಚಳ ಹಾಕಿದ್ನಂತೆ."

ಡಾಕ್ಟರು ಹುಬ್ಬೇರಿಸಿದರು. "ಯಾವ ಮುಚ್ಚಳ? ಬಕೆಟ್ಟಿಂದಾ?"

"ಅಂದ್ರೆ?"

"ಒಂದು ಮುಚ್ಚಳಕ್ಕೆ ಮುಖ ಕೆಂಪಾಗ್ತಿತ್ತು, ತಲೆ ಸಿಡೀತಿತ್ತು. ಇವರ ರಕ್ತದಲ್ಲಿರೋದು ಹಾಗಲ್ಲ. ದೊಡ್ಡ ಎರಡು ಪೆಗ್ಗಿಗೆ ಕಡಿಮೆ ಇಲ್ಲ. ಅದಕ್ಕೇ ಬಿ.ಪಿ. ಹಾಗೆ ಕುಸಿದದ್ದು. ಇನ್ನು ಸ್ವಲ್ಪ ತಡವಾಗಿದ್ರೆ ನಾವೂ ಕೈಚೆಲ್ತಿದ್ವಿ."



ಗರಗಸ ಸುಳ್ಳು ಹೇಳಿದನೇ? ಆ ತಗ್ಗಿಸಿದ ತಲೆ, ಆ ಕಣ್ಣೀರು? ಇಲ್ಲ. ಎರಡು ಪೆಗ್ಗು ಹಾಕಿದವನು ಒಂದು ಮುಚ್ಚಳ ಅಂತ ಮಕ್ಕಳಾಣೆ ಇಡಬಹುದು. ಆದರೆ ಒಪ್ಪಿಕೊಂಡ ಮೇಲೆ, ಅದೂ ಗೆಳೆಯನ ಕಾಲ ಬಳಿ ಕೂತು, ಕಡಿಮೆ ಹೇಳಿ ಅವನಿಗೆ ಸಿಗುವುದೇನು?

ಅಂದರೆ ಗರಗಸ ತಟ್ಟೆ ಎತ್ತುವ ಮೊದಲೇ ಆ ಲೋಟದಲ್ಲಿ ಹೆಂಡವಿತ್ತು. ಶುಂಠಿಯ ಘಾಟಿನಲ್ಲಿ ಅವನಿಗೆ ಗೊತ್ತಾಗಲಿಲ್ಲ. ಮೇಸ್ತ್ರಿಗಂತೂ ಅರಗಿನ ಹಬೆ ಕುಡಿದು ಕುಡಿದು ಮೂಗು ಸತ್ತು ಯಾವ ಕಾಲವಾಯಿತೋ.

ಗರಗಸ ಮಾಡಿದ್ದು ತಮಾಷೆ. ಎರಡು ಪೆಗ್ಗು ತಮಾಷೆಯಲ್ಲ. ಅದನ್ನು ಹಾಕಿದವರಿಗೆ ಮಾತ್ರೆಯ ವಿಷಯ ಚೆನ್ನಾಗಿ ಗೊತ್ತಿತ್ತು. ಬೇರೆ ಯಾವ ವಿಷವೂ ಬೇಕಿರಲಿಲ್ಲ. ಎಲ್ಲರೂ ಕುಡಿಯುವುದನ್ನೇ ಒಬ್ಬನಿಗೆ ಕುಡಿಸಿದರೆ ಸಾಕಿತ್ತು. ಸತ್ತರೂ ಊರು ಒಂದೇ ಮಾತು ಹೇಳುತ್ತಿತ್ತು. ಇನ್‌ಸ್ಪೆಕ್ಟರ್ ಆಗಲೇ ಹೇಳಿದ್ದ ಮಾತು.

ಮೇಡಂ ಒಳಗೆ ಬಂದು ಗರಗಸನನ್ನು ಡಾಕ್ಟರ ಹತ್ತಿರ ಕಳಿಸಿ, ಮಂಚದ ಪಕ್ಕ ಕೂತರು.

"ಮೇಸ್ತ್ರಿ, ಕುಡಿದಾಗ ಗಂಟಲಿಗೆ ಏನಾದ್ರೂ ಅನ್ನಿಸ್ತಾ?"

"ಸ್ವಲ್ಪ ಉರೀತು. ಅಕ್ಕ ಶುಂಠಿ ಜಾಸ್ತಿ ಹಾಕಿದಾರೆ ಅಂದ್ಕೊಂಡೆ. ಬಾಯಾರಿತ್ತು, ಒಂದೇ ಗುಕ್ಕಿಗೆ ಮುಗಿಸ್ದೆ."

"ಮಾತ್ರೆ ವಿಷಯ ಯಾರ್ಯಾರಿಗೆ ಗೊತ್ತು?"

"ಇವಳಿಗೆ. ಡಾಕ್ಟರಿಗೆ." ಅಲ್ಲಿಗೆ ನಿಲ್ಲಿಸಿದ.

"ಇನ್ನೊಬ್ಬರಿದ್ದಾರೆ," ಹೆಂಡತಿ ಮೆಲ್ಲಗೆ ಅಂದಳು. "ದಿನಾ ಬೆಳಿಗ್ಗೆ ಕಾರ್ಖಾನೇಲಿ ಯಾರದೋ ಎದುರಿಗೆ ನಿಂತು ನುಂಗ್ತಾರೆ. ತಪ್ಪಿಸಬಾರದು ಅಂತ ಡಾಕ್ಟರು ಮಾಡಿದ ಏರ್ಪಾಡು. ಯಾರು ಅಂತ ನನಗೂ ಹೇಳಿಲ್ಲ."

"ಹೇಳಲ್ಲ," ಅಂದ ಮೇಸ್ತ್ರಿ. ಅಷ್ಟು ಮೆತ್ತಗಿನ ಮನುಷ್ಯನ ದವಡೆ ಬಿಗಿಯಿತು. "ಮೇಡಂ, ನಾನು ರಸ್ತೇಲಿ ಬಿದ್ದಿದ್ದಾಗ ಎತ್ತಿದೋರು ಅವರು. ಕೆಲಸ ಉಳಿಸಿಕೊಟ್ರು, ಮನೆ ಉಳಿಸಿಕೊಟ್ರು. ಮಾತು ಕೊಟ್ಟಿದೀನಿ. ಅವರ ಮೇಲೆ ಅನುಮಾನ ಪಡೋದಾದ್ರೆ ನಂಗೆ ಈ ಪತ್ತೆಯೇ ಬೇಡ."

ಕೃತಜ್ಞತೆ ಗೋಡೆಯ ಹಾಗೆ ಎದುರಿಗೆ ನಿಂತರೆ ಯಾವ ಸೂಜಿಯೂ ತೂರುವುದಿಲ್ಲ. ಮೇಡಂ ಇನ್ನೊಂದು ಪ್ರಶ್ನೆಗೆ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಧ್ವನಿ ಬಂತು.

"ಮಾತು ಉಳಿಸ್ಕೊಂಡ್ರಿ ಮೇಸ್ತ್ರಿ. ಸಾಕು, ಇನ್ನು ನಾನೇ ಹೇಳ್ತೀನಿ."

ಯಜಮಾನಿ ಅಕ್ಕ ಬಾಗಿಲಲ್ಲಿ ನಿಂತಿದ್ದರು. ಹೆಗಲಿಗೆ ಬಟ್ಟೆಯ ಚೀಲ. ಯಾವಾಗಲೂ ಇಸ್ತ್ರಿ ಮಾಡಿದ ಹಾಗಿರುವ ಮುಖ ಇವತ್ತು ಮುದುಡಿತ್ತು. ಮೇಸ್ತ್ರಿ ಏಳಲು ಹೋದ. ಅವರು ಕೈಯಾಡಿಸಿ ಕೂರಿಸಿದರು.

"ದಿನಾ ಮಾತ್ರೆ ಕೊಡ್ತಿದ್ದೋಳು ನಾನು, ಮೇಡಂ. ಕೊಡ್ತಿದ್ದೆ ಅನ್ನೋದು ಅರ್ಧ ಮಾತು. ಆಫೀಸು ರೂಮಲ್ಲಿ ಬಾಗಿಲು ಹಾಕ್ಕೊಂಡು ಇಬ್ಬರೂ ನುಂಗ್ತಿದ್ವಿ. ಅವರದ್ದು ಅವರು. ನನ್ನದು ನಾನು."

ಮೇಸ್ತ್ರಿಯ ಹೆಂಡತಿ ಕೈಯಲ್ಲಿದ್ದ ಫ್ಲಾಸ್ಕನ್ನು ಹಾಗೇ ಹಿಡಿದು ನಿಂತಳು.

"ನೀವೂನಾ ಅಕ್ಕ?"

"ನಾನೂ ಕಣಮ್ಮ. ನಿನ್ನ ಗಂಡ ಬೀದೀಲಿ ಕುಡಿದು ಬೀಳ್ತಿದ್ರು, ಎಲ್ಲರಿಗೂ ಕಾಣಿಸ್ತು. ನಾನು ಮನೇಲಿ ಬಾಗಿಲು ಹಾಕ್ಕೊಂಡು ಬೀಳ್ತಿದ್ದೆ, ಯಾರಿಗೂ ಕಾಣಿಸ್ಲಿಲ್ಲ. ನಾನು ಇವರನ್ನ ಎತ್ತಿದೆ ಅಂತ ಇವರು ಹೇಳ್ತಾರೆ. ಇವರು ದಿನಾ ಬಂದು ಎದುರಿಗೆ ನಿಲ್ತಿದ್ರಲ್ಲ, ಅದಕ್ಕೇ ನಾನೂ ಒಂದು ದಿನ ತಪ್ಪಿಸಲಿಲ್ಲ. ಯಾರು ಯಾರನ್ನ ಎತ್ತಿದ್ದೋ ದೇವರಿಗೇ ಗೊತ್ತು."

ಆ ಪುಟ್ಟ ಹುಡುಗಿಯಂಥ ಪ್ರಾಮಾಣಿಕತೆಗೆ ಮಣಿದು ಮೇಡಂ ಎದ್ದು ತಮ್ಮ ಸ್ಟೂಲನ್ನೇ ಅವರಿಗೆ ಕೊಟ್ಟು, ತಾವು ಮಂಚದ ಅಂಚಿಗೆ ಕೂತರು. ಮೇಸ್ತ್ರಿಯ ಹೆಂಡತಿ ಬಂದು ಅಕ್ಕನ ಕೈ ಹಿಡಿದುಕೊಂಡಳು. ಹಿಡಿದ ಕೈ ಬಿಡಲಿಲ್ಲ.

"ಇವತ್ತು ಯಾಕೆ ಹೇಳೋಕೆ ಬಂದ್ರಿ?" ಮೇಡಂ ಕೇಳಿದರು.

ಅಕ್ಕ ಚೀಲದಿಂದ ಟವೆಲ್ಲಿನಲ್ಲಿ ಸುತ್ತಿದ್ದ ಒಂದು ವಸ್ತು ತೆಗೆದು ಬಿಚ್ಚಿದರು. ಹೂವಿನ ಚಿತ್ರದ ಸ್ಟೀಲ್ ಲೋಟ. ಬಾಯಿಗೆ ಪ್ಲಾಸ್ಟಿಕ್ ಕಾಗದ ಬಿಗಿದು ದಾರ ಕಟ್ಟಿತ್ತು. ಒಳಗೆ ಶರಬತ್ತು.

"ಮೊನ್ನೆ ನಾನು ಕುಡಿಯೋ ಮೊದಲೇ ಇವರು ಬಿದ್ರು. ಗಾಬರೀಲಿ ಯಾವಾಗ ಎತ್ತಿಟ್ಟೆನೋ, ಆಫೀಸು ಬೀರೂಲೇ ಉಳಿದಿತ್ತು. ಈಗ ತೊಳೆಯೋಣ ಅಂತ ತಟ್ಟೆ ತೆಗೆದೆ. ಯಾರಿಗೂ ಹೇಳದೆ ಆಟೋ ಹತ್ತಿ ಬಂದೆ. ನೀವೇ ನೋಡಿ."

ಮೇಡಂ ದಾರ ಬಿಚ್ಚಿ ಮೂಗಿನ ಹತ್ತಿರ ಹಿಡಿದರು. ಮೊದಲು ಶುಂಠಿ. ಆಮೇಲೆ ಹಳಸಿದ ನಿಂಬೆ. ಅದರ ಅಡಿಯಲ್ಲಿ, ಎರಡು ದಿನ ಕಳೆದರೂ ಮುಚ್ಚಿಟ್ಟುಕೊಳ್ಳಲಾಗದ ಇನ್ನೊಂದು ವಾಸನೆ. ಒಂದು ಮುಚ್ಚಳದ ವಾಸನೆಯಲ್ಲ.

ಗರಗಸ ಈ ಲೋಟ ಮುಟ್ಟಿರಲಿಲ್ಲ.

ಅಂದರೆ ಎರಡೂ ಲೋಟಕ್ಕೆ ಬಿದ್ದಿತ್ತು. ಮೇಸ್ತ್ರಿಗೆ ಬಾಯಾರಿಕೆಯಾಗಿ ಮೊದಲು ಎತ್ತಿದ, ಅಷ್ಟೇ. ಅವನು ಬೀಳದಿದ್ದರೆ ಅಕ್ಕ ಈ ಲೋಟ ಎತ್ತುತ್ತಿದ್ದರು. ಮೇಸ್ತ್ರಿಯನ್ನು ಕೊಲ್ಲಲು ಹೊರಟ ಕೈ ಅಂತ ಇಷ್ಟು ಹೊತ್ತು ಹುಡುಕಿದ್ದು, ನಿಜವಾಗಿ ಯಾರಿಗಾಗಿ ಚಾಚಿದ ಕೈ?

ಮೇಡಂ ದಾರವನ್ನು ಮೊದಲಿನಂತೆ ಕಟ್ಟಿ, ಟವೆಲ್ ಸುತ್ತಿ, ಲೋಟವನ್ನು ಜೋಪಾನವಾಗಿ ಚೀಲದೊಳಗಿಟ್ಟು ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ಅಕ್ಕ, ಮೇಸ್ತ್ರಿ ಮಾತ್ರೆ ವಿಷಯ ಬಿಡಿ. ನೀವು ತಗೋತೀರಿ ಅಂತ ಯಾರಿಗೆ ಗೊತ್ತು?"

"ಮೇಸ್ತ್ರಿಗೆ. ಡಾಕ್ಟರಿಗೆ. ಇನ್ನು ನಮ್ಮ ಯಜಮಾನರಿಗೆ." ಅಕ್ಕನ ಮುಖದ ಮುದುಡು ಸಡಿಲವಾಯಿತು. "ಅವರೇ ಕೈಹಿಡಿದು ಡಾಕ್ಟರ ಹತ್ತಿರ ಕರ್ಕೊಂಡು ಹೋಗಿದ್ದು. ಒಂದು ಮಾತು ಎತ್ತಿ ಆಡಲಿಲ್ಲ. ಮೇಸ್ತ್ರಿದೂ ನಂದೂ ಏರ್ಪಾಡಿನ ಬಗ್ಗೆ ಅವರಿಗೆ ಹೇಳಿದ್ದೆ. ಅವರಿಲ್ಲದಿದ್ರೆ ನಾನಿವತ್ತು..."

ಅವರ ಮಾತು ಅರ್ಧಕ್ಕೇ ನಿಂತಿತು. ತಾವು ಹೇಳುತ್ತಿರುವುದು ತಮಗೇ ಕೇಳಿಸಿದ ಹಾಗೆ, ಮೇಡಂ ಕಡೆ ನೋಡಿದರು. ಮೇಡಂ ನೋಟ ಕದಲಿಸಲಿಲ್ಲ.

ವರಾಂಡದಲ್ಲಿ ಬೂಟಿನ ಸದ್ದು ಹತ್ತಿರ ಬಂತು. ಭಾವ ನಗುಮುಖದಿಂದ ಒಳಗೆ ಬಂದು, ಮೇಸ್ತ್ರಿಗೆ ತಂದಿದ್ದ ಹಣ್ಣಿನ ಪೊಟ್ಟಣವನ್ನು ಮಂಚದ ಮೇಲಿಟ್ಟರು. ಮೇಸ್ತ್ರಿ ಅಭ್ಯಾಸಬಲದಿಂದ ಎರಡೂ ಕೈ ಜೋಡಿಸಿದ.

"ಇಲ್ಲಿದ್ದೀಯಾ? ಕಾರ್ಖಾನೆಯೆಲ್ಲ ಹುಡುಕಿದೆ ನಿನ್ನ," ಭಾವ ಹೆಂಡತಿಯ ಭುಜ ತಟ್ಟಿದರು. ಆಮೇಲೆ ಮೇಡಂ ತೊಡೆಯ ಮೇಲಿದ್ದ, ಬಾಯಿ ಮುಚ್ಚಿದ ಚೀಲದ ಕಡೆ ಸಹಜವಾಗಿ ಕೈ ಚಾಚಿದರು.

"ಆ ಲೋಟ ಕೊಡಿ ಮೇಡಂ, ತೊಳೆದು ತರ್ತೀನಿ."